ಮಲ್ಲಿಗೆ ಇಟ್ಟ ಫ್ರಿಜ್ಜು

ಮೊನ್ನೆ ಶನಿವಾರ ಮಧ್ಯಾಹ್ನ ಅಮೆರಿಕಾದ ನೆವಾರ್ಕಿನ ನಮ್ಮ ಮನೆಯಲ್ಲಿ ಕಾದ ಎಣ್ಣೆಗೆ ನಾಲ್ಕು ಬಾಳಕ ಬಿಟ್ಟು, ಅದರ ಘಾಟಿಗೆ ಕೆಮ್ಮುತ್ತ ನಿಂತಿದ್ದೆ. ಬಾಳಕ ಎಂದರೆ ಹಸಿಮೆಣಸಿನಕಾಯಿಯನ್ನು ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಗರಿಗರಿಯಾಗುವ ತನಕ ಬಿಸಿಲಲ್ಲಿ ಒಣಗಿಸಿದ್ದು. ಮೊಸರನ್ನದ ಬದಿಗೆ ಅದೊಂದಿದ್ದರೆ ನನಗೆ ಬೇರೆ ಸ್ವರ್ಗ ಬೇಡ. ಸರಿಯಾಗಿ ಆ ಹೊತ್ತಿಗೇ ಮಗಳು ದೀಪಾಳ ಫೋನು ಬಂತು. ಗೆಳತಿಯರ ಜೊತೆ ಬಾಡಿಗೆಯ ಆರ್‌ವಿ, ಅಂದರೆ ಒಲೆ ಮಂಚ ಇರುವ ವ್ಯಾನು, ತೆಗೆದುಕೊಂಡು ತಿರುಗಾಟಕ್ಕೆ ಹೋಗಿದ್ದಳು.

“ಅಮ್ಮಾ, ಫ್ರಿಜ್ ಈಸ್ ನಾಟ್ ಕೂಲಿಂಗ್. ಇಲ್ಲಿ ಸೋ ಹಾಟ್. ಎವೆರಿಥಿಂಗ್ ಈಸ್ ಮೆಲ್ಟಿಂಗ್!”

“ಟಾಪಿನ ಮೇಲೆ ಎಂತ ಕಟ್ಟಿದ್ದೀರಿ?” ಎಂದೆ.

“ಜಸ್ಟ್ ನಮ್ಮ ಬ್ಯಾಗ್ಸ್. ಮತ್ತೆ ಒಂದು ಟಾರ್ಪ್. ಹೌ ಡಿಡ್ ಯು ನೋ?”

“ಮೊದಲು ಅದನ್ನೆಲ್ಲ ತೆಗೀರಿ. ಆಮೇಲೆ ಮಾತು,” ಎಂದು ಫೋನಿಟ್ಟೆ. ಅಷ್ಟರಲ್ಲಿ ಬಾಳಕ ಕರಟಿ ಕರ್ರಗಾಗಿತ್ತು. ನಾನು ಇಂಜಿನಿಯರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಆದರೆ ಆರ್‌ವಿಯ ಫ್ರಿಜ್ಜು ಸೆಕೆಗಾಲದಲ್ಲಿ ಯಾಕೆ ತಣ್ಣಗಾಗುವುದಿಲ್ಲ ಎಂಬ ಒಂದು ವಿಷಯದಲ್ಲಿ ನನಗೆ ಡಾಕ್ಟರೇಟು ಕೊಟ್ಟರೂ ಕಡಿಮೆಯೇ.

ಈ ದೀಪಾ ನನ್ನ ಹೊಟ್ಟೆಯಲ್ಲಿದ್ದ ಬೇಸಿಗೆ ಅದು. ವೈಟೂಕೆ ಬರುತ್ತದೆ, ಕಂಪ್ಯೂಟರೆಲ್ಲ ಕೆಡುತ್ತದೆ, ವಿಮಾನ ಬೀಳುತ್ತದೆ, ಬ್ಯಾಂಕು ಮುಚ್ಚುತ್ತದೆ ಎಂದು ಎಲ್ಲರನ್ನೂ ಹೆದರಿಸಿ, ಕೊನೆಗೆ ಏನೂ ಆಗದೆ ಹೋದ ವರ್ಷ. ನನ್ನ ಗಂಡ ಗೋಪಾಲ ಸ್ಯಾನ್ ಹೊಸೆಯ ಒಂದು ಹೊಸ ಕಂಪನಿಯಲ್ಲಿದ್ದರು. ಕಿಟಕಿಯ ಅಳತೆ ಕಳಿಸಿದರೆ ಇಂಟರ್ನೆಟ್ಟಿನಲ್ಲೇ ಪರದೆ ಹೊಲಿದು ಕೊಡುವ ಕಂಪನಿ. ಆರು ತಿಂಗಳಲ್ಲಿ ಷೇರು ಮಾರುಕಟ್ಟೆಗೆ ಬರುತ್ತೇವೆ, ಆಮೇಲೆ ಎಲ್ಲಿ ಬೇಕೋ ಅಲ್ಲಿ ಮನೆ ಎಂದು ಅಲ್ಲಿ ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದರು. ಅಪಾರ್ಟ್‌ಮೆಂಟಿನ ಬಾಡಿಗೆ ಗಗನಕ್ಕೇರಿದಾಗ ಇವರಿಗೆ ಒಂದು ಮಹಾ ಯೋಚನೆ ಹೊಳೆಯಿತು. ಆರು ತಿಂಗಳಿಗೆ ಅಪಾರ್ಟ್‌ಮೆಂಟ್ ಯಾಕೆ? ಯಾರದ್ದೋ ಹಳೆಯ ಆರ್‌ವಿ ಕೊಂಡು ತಂದೇಬಿಟ್ಟರು. ಚಕ್ರದ ಮೇಲೆ ಮನೆ! ಮಂಚ, ಒಲೆ, ಬಚ್ಚಲು, ಫ್ರಿಜ್ಜು ಎಲ್ಲ ಇತ್ತು. ಕಿಟಕಿಗೆ ಪರದೆ ಮಾತ್ರ ಇರಲಿಲ್ಲ.

ಅದನ್ನು ನಿಲ್ಲಿಸಲಿಕ್ಕೆ ಜಾಗ ಕೊಟ್ಟವರು ಡ್ಯಾನ್‌ವಿಲ್ಲಿನ ಕಮಲಾಬಾಯಿ. ಧಾರವಾಡದ ಕಡೆಯವರು, ಅರವತ್ತು ದಾಟಿತ್ತು. ಅವರ ಮಗ ಸೊಸೆ ಇಬ್ಬರಿಗೂ ಅದೇ ಕಂಪ್ಯೂಟರ್ ಹುಚ್ಚು, ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಾಯಿಸಲಿಕ್ಕೆ. ದೊಡ್ಡ ಮನೆಯಲ್ಲಿ ಮಾತಿಗೆ ಜನವಿಲ್ಲದೆ ಕಮಲಾಬಾಯಿ ಒಣಗಿಹೋಗಿದ್ದರು. “ಮನಿ ಪಕ್ಕದಾಗ ಜಾಗಾ ಖಾಲಿ ಬಿದ್ದದ, ನಿಲ್ಲಸ್ರಿ. ನೀ ನನ್ನ ಕಾಕು ಅನ್ನವಾ,” ಎಂದರು. ಕಾಕು ಎಂದರೆ ಅವರ ಕಡೆ ಚಿಕ್ಕಮ್ಮ. ನಾನು ಹಾಗೆಯೇ ಕರೆದೆ.

ನಾನು ಏಳನೇ ತಿಂಗಳಿಗೆ ಬೀಳುವಾಗ ಉಡುಪಿಯಿಂದ ಅಮ್ಮ ಬಂದಳು. ಕಾಕು ಅವಳಿಗೆ ತಮ್ಮ ಮನೆಯಲ್ಲಿ ಕೋಣೆ ತೆರವು ಮಾಡಿಟ್ಟಿದ್ದರು. ಅಮ್ಮ ಅದನ್ನು ನೋಡಿ ಹೊಗಳಿ, ಚೀಲ ತಂದು ಆರ್‌ವಿಯಲ್ಲಿಟ್ಟು, “ಮಗಳು ಬಸುರಿ, ನಾನು ಅವಳ ಹತ್ರವೇ ಮಲಗುದು,” ಎಂದಳು. ಆ ಕೋಣೆಗೆ ಅಳಿಯ ಹೋಗಬೇಕಾಯಿತು.

ಅಮ್ಮ ಬಂದದ್ದು ಒಂದೇ ಆಸೆ ಹೊತ್ತುಕೊಂಡು. ನನ್ನ ಸೀಮಂತಕ್ಕೆ ತಲೆ ತುಂಬ ಮಲ್ಲಿಗೆ ಮುಡಿಸಬೇಕು. ಒಂದೆರಡು ಹೂ ಸಿಕ್ಕಿಸುವುದಲ್ಲ, ಜಡೆ ಕಾಣದ ಹಾಗೆ ಮುಡಿಸಬೇಕು. “ಅಮೆರಿಕಾದಲ್ಲಿ ಮಲ್ಲಿಗೆ ಎಲ್ಲಿಂದ ತರ್ತಿ?” ಎಂದರೆ, ಕಾಕುವಿನ ಹಿತ್ತಿಲಲ್ಲಿ ಸಾಲಾಗಿ ಇಟ್ಟ ಕುಂಡಗಳನ್ನು ತೋರಿಸಿದಳು. ಡ್ಯಾನ್‌ವಿಲ್ಲಿನ ಸೆಕೆಗೆ ಮನುಷ್ಯರು ಬಾಡುತ್ತಿದ್ದರು, ಆ ದುಂಡುಮಲ್ಲಿಗೆ ಗಿಡಗಳು ಮಾತ್ರ ಮದುವೆಮನೆಯ ಹಾಗಿದ್ದವು. “ನಮ್ಮ ಶಂಕರಪುರದ ಮಲ್ಲಿಗೆಯ ಎದುರು ಇದೆಂತ, ಬಟಾಣಿ ಕಾಳು,” ಎಂದು ಮೂಗು ಮುರಿದರೂ ಬೆಳಗ್ಗೆದ್ದು ಮೊದಲು ನೋಡುತ್ತಿದ್ದದ್ದು ಆ ಬಟಾಣಿ ಕಾಳನ್ನೇ.

ದಿನಕ್ಕೆ ಸಿಗುತ್ತಿದ್ದದ್ದು ಒಂದು ಬೊಗಸೆ ಮೊಗ್ಗು. ಸೀಮಂತ ಭಾನುವಾರ. ಸೋಮವಾರದಿಂದ ದಿನಾ ಕೊಯ್ದು, ಅರಳದ ಹಾಗೆ ತಣ್ಣಗಿಟ್ಟು, ಶನಿವಾರ ಕಟ್ಟಬೇಕು. ಮೊದಲು ಕಾಕುವಿನ ಅಡುಗೆಮನೆಯ ಫ್ರಿಜ್ಜಿನಲ್ಲೇ ಪರೀಕ್ಷೆಗೆಂದು ಒಂದು ಹಿಡಿ ಇಟ್ಟದ್ದಾಯಿತು. ಆ ಫ್ರಿಜ್ಜಿನ ತುಂಬ ಕಾಕು ಕುಟ್ಟಿಟ್ಟ ಬೆಳ್ಳುಳ್ಳಿ ಖಾರ. ಮರುದಿನ ಮೊಗ್ಗು ಮೂಸಿದರೆ ಒಗ್ಗರಣೆ ಹಾಕಬಹುದಿತ್ತು. ಕಾಕುವಿಗೆ ಬೇಸರವಾಗಬಾರದೆಂದು ಅಮ್ಮ ನನ್ನ ಕಡೆ ಮಾತ್ರ ಕಣ್ಣು ಬಿಟ್ಟಳು. ಹಾಗಾಗಿ ಮಲ್ಲಿಗೆಯ ಭಾರವೆಲ್ಲ ಆರ್‌ವಿಯ ಪುಟ್ಟ ಫ್ರಿಜ್ಜಿನ ಮೇಲೆ ಬಿತ್ತು.

ಆ ಫ್ರಿಜ್ಜಿನ ಕಥೆಯೇ ಬೇರೆ. ಮನೆಯ ಫ್ರಿಜ್ಜಿನ ಹಾಗೆ ಗುರ್ ಎನ್ನುವ ಮೋಟಾರು ಅದಕ್ಕಿಲ್ಲ. ಹಿಂದುಗಡೆ ಒಂದು ಸಣ್ಣ ಗ್ಯಾಸಿನ ಉರಿ, ಆ ಉರಿಯ ಕಾವಿನಿಂದಲೇ ಒಳಗೆ ತಂಪು. ಗೋಪಾಲ ಇದನ್ನು ಅತ್ತೆಗೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಅಮ್ಮ ಎಲ್ಲ ಕೇಳಿ ನನ್ನ ಕಡೆ ತಿರುಗಿ, “ಬೆಂಕಿ ಹಾಕಿ ತಣ್ಣಗೆ ಮಾಡುದಂತೆ. ಇವರು ಆಫೀಸಿನಲ್ಲೂ ಹೀಗೇ ಹೇಳ್ತಾರಾ?” ಎಂದಳು. ಮಧ್ಯಾಹ್ನ ನೋಡಿದರೆ ಫ್ರಿಜ್ಜಿಗೆ ಉಪಕಾರವಾಗಲೆಂದು ಉರಿ ಆರಿಸಿಟ್ಟಿದ್ದಳು. ಅಂದಿನಿಂದ ಆ ಫ್ರಿಜ್ಜಿಗೆ ಏನಾದರೂ ಗೋಪಾಲರಿಗೆ ಅನುಮಾನ ಅತ್ತೆಯ ಮೇಲೇ.

ಇನ್ನು ನನ್ನ ಪಾಪದ ಭಾಗ ಹೇಳುತ್ತೇನೆ. ಬಸುರಿಗೆ ಖಾರ ಆಗದು ಎಂಬುದು ಅಮ್ಮನ ಕಾನೂನು. ಬಂದ ದಿನದಿಂದ ಸಪ್ಪೆ ಸಾರು, ಸಪ್ಪೆ ಪಲ್ಯ, ಬೂದುಗುಂಬಳ ಸಪ್ಪೆ, ನಾನೂ ಸಪ್ಪೆ. ನನಗೋ ಮೂರು ಹೊತ್ತೂ ಬಾಳಕದ್ದೇ ಧ್ಯಾನ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಆ ತಿಂಗಳುಗಳಲ್ಲಿ ಮಾತಿಗೊಮ್ಮೆ ಅಳುವೂ ಸೇರಿಕೊಂಡಿತ್ತು. ಒಂದು ದಿನ ಕಾಕುವಿನ ಎದುರು ಕೂತು, ಬಾಳಕ ಬೇಕು ಎಂದು ಗಳಗಳ ಅತ್ತುಬಿಟ್ಟೆ. ಮೆಣಸಿನಕಾಯಿಗಾಗಿ ಹಾಗೆ ಅತ್ತವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಕಾಕು ಸೆರಗಿನಿಂದ ನನ್ನ ಮುಖ ಒರೆಸಿದರು. “ಸುಮ್ನಿರವಾ. ಬಸರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನ ಇಲ್ಲ ಅನಬಾರದು. ಅಂದ್ರ ಕೂಸಿನ ಕಿವಿ ಸೋರತದ. ನಾ ಮಾಡಿಕೊಡತೇನಿ. ನಿಮ್ಮವ್ವಗ ಹೇಳೂದು ಬ್ಯಾಡ.”

ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆಯುವುದೇನೋ ಕಾಕುವಿನ ಅಡುಗೆಮನೆಯಲ್ಲಿ ಗುಟ್ಟಾಗಿ ಆಯಿತು. ಒಣಗಿಸುವುದೆಲ್ಲಿ? ಅಮ್ಮ ಇಡೀ ದಿನ ಹಿತ್ತಿಲಲ್ಲಿ ಮಲ್ಲಿಗೆಯ ಕಾವಲಿಗೆ ತಿರುಗುತ್ತಿದ್ದಳು. ಕಾಕು ಸೊಂಟಕ್ಕೆ ಕೈ ಕೊಟ್ಟು ಸುತ್ತ ನೋಡಿದರು, ಆರ್‌ವಿಯ ಬೆನ್ನಿಗಿದ್ದ ಕಬ್ಬಿಣದ ಏಣಿ ಕಂಡಿತು. “ಅಲ್ಲವಾ, ಇದರ ನೆತ್ತಿ ಥೇಟ್ ನಮ್ಮ ಧಾರವಾಡದ ಮಾಳಗಿ ಇದ್ದಂಗ ಸಪಾಟ ಅದ! ಅಲ್ಲಿ ಹಾಕಿದ್ರ ಕಾಗಿ ಸೈತ ನೋಡೂದಿಲ್ಲ.” ಮರುಕ್ಷಣವೇ ಸೀರೆಯ ಕಚ್ಚೆ ಬಿಗಿದು ಸರಸರ ಹತ್ತಿಬಿಟ್ಟರು. ಕೆಳಗೆ ನಾನು ಹೊಟ್ಟೆ ಹಿಡಿದುಕೊಂಡು ಮೆಣಸಿನಕಾಯಿಯ ಡಬ್ಬಿ ಎತ್ತಿ ಕೊಟ್ಟೆ. ಹಾಸಲಿಕ್ಕೆ ಬಿಳಿ ಬಟ್ಟೆ ಬೇಕೆಂದರು, ಕೈಗೆ ಸಿಕ್ಕಿದ ಪಂಚೆಯೊಂದನ್ನು ಕೊಟ್ಟೆ. ಅದು ಮಂಗಳವಾರ ಬೆಳಗ್ಗೆ. ಆಮೇಲೆ ದಿನಾ ಅಮ್ಮ ಮೊಗ್ಗು ಕೊಯ್ಯಲಿಕ್ಕೆ ಹೋದಾಗ ಕಾಕು ಮೇಲೆ, ಸಂಜೆ ಅಮ್ಮ ದೇವರಿಗೆ ದೀಪ ಹಚ್ಚುವಾಗ ಪಂಚೆ ಸಮೇತ ಮೆಣಸಿನಕಾಯಿ ಕೆಳಗೆ.

ಮಂಗಳವಾರ ಮಧ್ಯಾಹ್ನದಿಂದಲೇ ಫ್ರಿಜ್ಜು ತಣ್ಣಗಾಗುವುದು ನಿಂತಿತು.

ಗೋಪಾಲ ಇದನ್ನು ಕಂಪನಿಯ ಕೆಲಸದ ಹಾಗೇ ಹಿಡಿದುಕೊಂಡರು. ಒಳಗೊಂದು ಥರ್ಮಾಮೀಟರ್ ಇಟ್ಟರು, ಲ್ಯಾಪ್‌ಟಾಪಿನಲ್ಲಿ ಗಂಟೆಗಂಟೆಗೂ ಬರೆದರು. “ನೋಡಿ ಅತ್ತೆ, ಡೇಟೈಮಲ್ಲಿ ಫೇಲ್ ಆಗ್ತಿದೆ, ಸಂಜೆ ಆದ್ಮೇಲೆ ರಿಕವರ್ ಆಗ್ತಿದೆ. ಸೋ ಬಿಸಿಲೇ ಪ್ರಾಬ್ಲಮ್ಮು.” ಬಿಸಿಲು ಬೀಳುವ ಬದಿಗೆ ಬೆಡ್‌ಶೀಟು ಕಟ್ಟಿದರು. ಈ ಜಾತಿಯ ಫ್ರಿಜ್ಜು ಓರೆಯಾಗಿ ನಿಂತರೆ ಕೆಲಸ ಮಾಡುವುದಿಲ್ಲವೆಂದು ತಟ್ಟೆಯಲ್ಲಿ ನೀರು ಹಾಕಿ ನೋಡಿ, ಒಂದು ಚಕ್ರದ ಕೆಳಗೆ ಹಲಗೆ ಕೊಟ್ಟು ಸಮ ಮಾಡಿದರು. ಕೆಳಗಿನ ಜಾಲರಿಗೆ ಟೇಬಲ್ ಫ್ಯಾನು ಹಿಡಿಸಿದರು. ಅದೆಲ್ಲ ಮಾಡಬೇಕಾದ್ದೇ, ತಪ್ಪಿಲ್ಲ. ಆದರೆ ಥರ್ಮಾಮೀಟರ್ ನೋಡಲಿಕ್ಕೆಂದು ಹತ್ತು ಹತ್ತು ನಿಮಿಷಕ್ಕೆ ಬಾಗಿಲು ತೆರೆಯುತ್ತಿದ್ದರು.

“ಇವರಿಗೆ ಹೇಳು,” ಎಂದಳು ಅಮ್ಮ, ಅಳಿಯ ಎರಡು ಅಡಿ ದೂರದಲ್ಲೇ ನಿಂತಿದ್ದರೂ. “ಜ್ವರ ಬಂದವರ ಬಾಯಿಂದಲೂ ಇಷ್ಟು ಸರ್ತಿ ಥರ್ಮಾಮೀಟರ್ ತೆಗೆಯುದಿಲ್ಲ.”

“ಅತ್ತೆಗೆ ಹೇಳು, ಬರ್ನರ್ ಯಾರೂ ಟಚ್ ಮಾಡ್ಬಾರ್ದು ಅಂತ.”

ಬುಧವಾರ ಅಮ್ಮ ಹಳೆಯ ಸೀರೆಯ ಅಂಚು ಹರಿದು ಫ್ರಿಜ್ಜಿನ ಬಾಗಿಲಿಗೆ ಕಟ್ಟಿ, ಎದುರಿಗೆ ಮಡಚುಕುರ್ಚಿ ಹಾಕಿಕೊಂಡು ಕೂತಳು. ಹಾಲು ಬೇಕೆಂದರೆ ಕಾಕುವಿನ ಮನೆಗೆ ಹೋಗು ಎಂದಳು. ನಾನು ಇಬ್ಬರ ನಡುವೆ ನಿಂತು ಬೆವರು ಸುರಿಸುತ್ತ, ಇಬ್ಬರಿಗೂ ಬೈಯುತ್ತಿದ್ದೆ. ನೆತ್ತಿಯ ಮೇಲಿನ ಮೆಣಸಿನಕಾಯಿಗೂ ಫ್ರಿಜ್ಜಿಗೂ ಸಂಬಂಧ ಉಂಟೆಂದು ನನಗೆ ಕನಸಿನಲ್ಲೂ ಹೊಳೆಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬದಲಿಗೆ, ಇಲ್ಲಿನ ಬಿಸಿಲಿಗೆ ಬಾಳಕ ಎಷ್ಟು ಬೇಗ ಗರಿಗರಿಯಾಗುತ್ತಿದೆ ಎಂದು ಕಾಕು ಹೇಳಿದಾಗ ಒಳಗೊಳಗೇ ಕುಣಿದೆ.

ಗುರುವಾರ ಮಧ್ಯಾಹ್ನ ಅಮ್ಮ ಅಂದಿನ ಮೊಗ್ಗು ಇಡಲಿಕ್ಕೆ ಬಾಗಿಲ ಕಟ್ಟು ಬಿಚ್ಚಿದಳು. ಬಾಗಿಲು ತೆಗೆದದ್ದೇ ತಡ, ಇಡೀ ಆರ್‌ವಿಯ ತುಂಬ ಮಲ್ಲಿಗೆಯ ಪರಿಮಳ. ಅದೇನು ಪರಿಮಳ! ಒಂದು ಗಳಿಗೆ ನಾನು ಕಣ್ಣು ಮುಚ್ಚಿ ಸಂತೋಷಪಟ್ಟೆ, ಮಂದಬುದ್ಧಿ. ಕಣ್ಣು ಬಿಟ್ಟರೆ ಅಮ್ಮ ಒದ್ದೆ ಬಟ್ಟೆಯ ಗಂಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಒಂದೂ ಬಿಡದೆ ಎಲ್ಲ ಅರಳಿಬಿಟ್ಟಿದ್ದವು. ಸೋಮವಾರದ್ದಂತೂ ಕಂದು ಬಣ್ಣಕ್ಕೆ ತಿರುಗಿತ್ತು.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ನೀನು ಹೊಟ್ಟೆಯಲ್ಲಿದ್ದಾಗ ನಂಗೂ ಸೀಮಂತಕ್ಕೆ ದಿನ ಇಟ್ಟಿದ್ರು,” ಎಂದಳು. “ಹೂ ತಂದಾಗಿತ್ತು. ಒಂದು ಬುಟ್ಟಿ. ಹಿಂದಿನ ದಿನ ನಿನ್ನ ಅಜ್ಜ ತೀರಿಕೊಂಡ್ರು. ಸೂತಕದ ಮನೆಯಲ್ಲಿ ಸೀಮಂತ ಎಂತದು? ಹೂವಿನ ಬುಟ್ಟಿ ಬಾವಿಕಟ್ಟೆಯಲ್ಲೇ ಇತ್ತು. ಅಲ್ಲೇ ಹೀಗೇ ಅರಳಿತು, ಹೀಗೇ ಕಪ್ಪಾಯ್ತು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ನಾನು ಕೇಳುದು ಹೇಗೆ, ಮಾರಾಯ್ತಿ?”

ಇಷ್ಟು ವರ್ಷದಲ್ಲಿ ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ನಾನೂ ಅತ್ತುಬಿಟ್ಟೆ.

ಶುಕ್ರವಾರ ಗೋಪಾಲ ಆಫೀಸಿಗೆ ರಜೆ ಹಾಕಿದರು. ಅತ್ತೆಯ ಕಣ್ಣೀರು ಅವರನ್ನೂ ತಾಗಿತ್ತು. ಎಲ್ಲಿಂದಲೋ ಹಳೆಯ ಮ್ಯಾನ್ಯುಯಲ್ಲು ಹುಡುಕಿ ತೆಗೆದು, ನೆರಳಲ್ಲಿ ಕೂತು ಮೊದಲ ಪುಟದಿಂದ ಓದಿದರು. ಊಟದ ಹೊತ್ತಿಗೆ ಒಮ್ಮೆಲೇ ಎದ್ದು ನಿಂತರು. “ವಸಂತಿ! ಹಿಂದಿನ ಹೀಟೆಲ್ಲ ಚಿಮಣಿ ಥರ ಮೇಲೆ ಹೋಗುತ್ತಂತೆ. ರೂಫ್ ಮೇಲೆ ಒಂದು ವೆಂಟ್ ಇದೆ. ಅದೇನಾದ್ರೂ ಬ್ಲಾಕ್ ಆಗಿದ್ರೆ ಫ್ರಿಜ್ಜು ಕೂಲ್ ಆಗೋದೇ ಇಲ್ವಂತೆ!”

ಕಾಕುವಿನ ಕಡೆ ನೋಡಿದೆ. ಕಾಕು ಆಕಾಶದ ಕಡೆ ನೋಡುತ್ತಿದ್ದರು.

“ಬೇಡ ರೀ, ಹತ್ಬೇಡಿ,” ಎಂದೆ. “ಬಿದ್ದರೆ ಎಂತ ಮಾಡುದು? ಬಸುರಿ ಹೆಂಡತಿಯನ್ನು ಇಟ್ಟುಕೊಂಡವರು ಎತ್ತರಕ್ಕೆ ಹತ್ತಬಾರದಂತೆ.”

“ಅಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ,” ಎಂದಳು ಅಮ್ಮ. “ಹತ್ಲಿ ಬಿಡು.”

ಗೋಪಾಲ ಹತ್ತಿದರು. ಮೇಲಿನಿಂದ ಕರೆದರು.

“ವಸಂತೀ.”

“ಎಂತ?”

“ಇಲ್ಲೊಂದು ಪಂಚೆ ಇದೆ.”

“ಹೌದಾ?”

“ನಮ್ಮ ಮದುವೆ ಪಂಚೆ. ಅದರ ಮೇಲೆ ಮೆಣಸಿನಕಾಯಿ ಇದೆ. ಪಂಚೆ ಕೆಳಗೆ ವೆಂಟ್ ಇದೆ.”

ಅಮ್ಮ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ನಾನು ಕಾಕುವಿನ ಬೆನ್ನ ಹಿಂದೆ ಸರಿದೆ, ಏಳು ತಿಂಗಳ ಹೊಟ್ಟೆ ಅಲ್ಲಿ ಮರೆಯಾಗುವ ಹಾಗೆ. ಪಾಪ, ಕಾಕುವೇ ಮುಂದೆ ಬಂದರು.

“ತಪ್ಪು ನಂದ್ರೀ ಅಕ್ಕಾರ. ಹುಡುಗಿ ಅತ್ತು ಕೇಳಿತು, ನಾ ಮಾಡಿದೆ. ನಮ್ಮ ಕಡೆ ಮಾಳಗಿ ಮ್ಯಾಲ ಬೆಳಕಿಂಡಿ ಇರತದ. ಏನರೆ ಒಣಗಿಸಾಕ ಹಾಕಿದಾಗ ಅದರೊಳಗ ಬೀಳಬಾರದಂತ ಅದನ್ನ ಬಟ್ಟಿಲೆ ಮುಚ್ಚತೇವಿ. ಇದೂ ಹಂಗ ಅಂತ ತಿಳಿದು, ಒಂದು ಸಂದಿ ಬಿಡದಂಗ ಛಲೋತ್ನಂಗ ಮುಚ್ಚಿದೆ. ಅಲ್ಲಿಂದ ಬಿಸಿ ಗಾಳಿನೂ ಬರತಿತ್ತು. ದೇವರು ಭಾಳ ಛಲೋ ಜಾಗಾ ತೋರಿಸಿದಾ ಅಂದುಕೊಂಡೆ.”

ಅಮ್ಮ ಕೇಳಿದ್ದು ಒಂದೇ ಮಾತು, ಅದೂ ನನ್ನನ್ನು. “ಎಷ್ಟು ತಿಂದಿ?”

“ಒಂದೂ ತಿನ್ಲಿಲ್ಲ ಅಮ್ಮ. ಇನ್ನೂ ಒಣಗ್ಲಿಕ್ಕಿತ್ತು.”

ಅವಳು ಎದ್ದು ಮಲ್ಲಿಗೆ ಕುಂಡಗಳ ಹತ್ತಿರ ಹೋದಳು. ಬೈದಿದ್ದರೆ ಸಾಕಿತ್ತು, ಎರಡು ಹೊಡೆದಿದ್ದರೂ ಆಗುತ್ತಿತ್ತು. ಪಂಚೆ ತೆಗೆದ ಕೆಲವೇ ಗಂಟೆಗಳಲ್ಲಿ ಫ್ರಿಜ್ಜು ಗಡಗಡ ನಡುಗುವಷ್ಟು ತಣ್ಣಗಾಯಿತು. ಗೋಪಾಲ ಲ್ಯಾಪ್‌ಟಾಪು ಹಿಡಿದುಕೊಂಡು, “ಫಿಕ್ಸ್ ಆಯ್ತು! ರೂಟ್ ಕಾಸ್ ಮೆಣಸಿನಕಾಯಿ!” ಎಂದು ಕುಣಿದುಕೊಂಡು ಬಂದರು. ಯಾರೂ ನಗದ್ದನ್ನು ನೋಡಿ ಹಾಗೇ ಹಿಂದೆ ಹೋದರು.

ಆರು ದಿನದ ಹೂ ಎರಡು ದಿನದ ಹೂವಾಯಿತು. ಶನಿವಾರ ಅಮ್ಮ ಬಾಳೆನಾರಿಲ್ಲದೆ ಹೊಲಿಗೆ ನೂಲಿನಲ್ಲಿ ಕಟ್ಟಿದಳು. ಕಟ್ಟಿ ಮುಗಿಸಿ ಅಳೆದರೆ ಒಂದು ಗೇಣು. ಜಡೆ ತುಂಬುವುದಿರಲಿ, ತುರುಬಿಗೆ ಒಂದು ಸುತ್ತು ಬಂದರೆ ಪುಣ್ಯ. ಅದನ್ನು ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸುವಾಗ ಅವಳ ಮುಖ ನೋಡಲಿಕ್ಕೆ ನನ್ನಿಂದ ಆಗಲಿಲ್ಲ. ನನ್ನ ನಾಲಗೆಯ ಚಪಲಕ್ಕೆ ಅವಳ ಆಸೆ ಹಾಳಾಯಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಕಾಕುವಿನ ಹಾಲಿನಲ್ಲಿ ಸೀಮಂತ. ಸ್ಯಾನ್ ಹೊಸೆಯಿಂದ, ನೆವಾರ್ಕಿನಿಂದ ಗುರುತಿನ ಹೆಂಗಸರೆಲ್ಲ ಬಂದಿದ್ದರು. ಹಸಿರು ಸೀರೆ, ಹಸಿರು ಬಳೆ, ಆರತಿ ತಟ್ಟೆ ಎಲ್ಲ ಅಣಿಯಾಗಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅಮ್ಮ ಡಬ್ಬಿ ತಂದು, ಬಟ್ಟೆ ಬಿಚ್ಚಿ, ಆ ಗೇಣುದ್ದದ ಮಾಲೆ ಎತ್ತಿಕೊಂಡಳು. ಮೊಗ್ಗು ಒಂದೂ ಅರಳಿರಲಿಲ್ಲ, ಮುತ್ತಿನ ಹಾಗಿತ್ತು. ಹಿಂದಿನಿಂದ ಅವಳ ಕೈ ನನ್ನ ತಲೆಗೆ ತಾಗುವಾಗ ನಾನು ತಿರುಗಿ ಆ ಕೈ ಹಿಡಿದುಕೊಂಡೆ.

“ಅಮ್ಮ, ಇದು ನೀನು ಮುಡಿ.”

“ನಿಂಗೆ ಮರ್ಲಾ? ಸೀಮಂತ ನಿನ್ನದ್ದು. ತಿರುಗಿ ಕೂತ್ಕೊ.”

“ನನ್ನ ಬಯಕೆ ಅದು. ನಂಗೆ ಬೇರೆ ಎಂತದೂ ಬೇಡ.”

ಅಮ್ಮನಿಗೆ ನಾಚಿಕೆಯಾಯಿತು. ಅಷ್ಟು ಜನರ ಎದುರು ಈ ವಯಸ್ಸಿನಲ್ಲಿ ಹೇಗೆ ಎಂದು ಹಿಂದೆ ಸರಿದಳು. ಆಗ ಕಾಕು ಅವಳ ಎರಡೂ ಭುಜ ಹಿಡಿದು ನನ್ನ ಪಕ್ಕದ ಮಣೆಯ ಮೇಲೆ ಕೂರಿಸಿಬಿಟ್ಟರು. “ಕುಂಡ್ರಿ ಅಕ್ಕಾರ. ಬಸರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನ ಇಲ್ಲ ಅನಬಾರದು. ಕೂಸಿನ ಕಿವಿ ಸೋರತದ!”

ನಾನೇ ಅವಳ ತುರುಬಿಗೆ ಆ ಮಾಲೆ ಸುತ್ತಿ ಪಿನ್ನು ಸಿಕ್ಕಿಸಿದೆ. ಸರಿಯಾಗಿ ಒಂದು ಸುತ್ತು ಬಂತು. ಅಮ್ಮ ತಲೆ ತಗ್ಗಿಸಿ ಕೂತಿದ್ದಳು, ಕಣ್ಣಿಂದ ನೀರು ಮಡಿಲಿಗೆ ಬೀಳುತ್ತಿತ್ತು. ಆರತಿ ಎತ್ತಿದ ಹೆಂಗಸರು ಯಾರಿಗೆ ಎತ್ತಬೇಕೆಂದು ತಿಳಿಯದೆ ಇಬ್ಬರಿಗೂ ಎತ್ತಿದರು.

ಊಟಕ್ಕೆ ಕೂತಾಗ ಮೊಸರನ್ನದ ಹೊತ್ತಿಗೆ ಅಮ್ಮ ಅಡುಗೆಮನೆಯಿಂದ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ನನ್ನ ಎಲೆಗೆ ಎರಡು ಬಾಳಕ ಬಿತ್ತು, ಬಿಸಿಬಿಸಿ, ಆಗಷ್ಟೇ ಕರಿದದ್ದು. “ಎರಡೇ,” ಎಂದಳು. “ಮೂರನೆಯದು ಕೇಳಿದ್ರೆ ಕೆನ್ನೆಗೆ ಬೀಳ್ತದೆ.”

ಷೇರು ಮಾರುಕಟ್ಟೆಗೆ ಆ ಪರದೆ ಕಂಪನಿ ಬರಲೇ ಇಲ್ಲ, ಮುಂದಿನ ವರ್ಷ ಕಂಪನಿಯೇ ಇರಲಿಲ್ಲ. ಆರ್‌ವಿ ಯಾರಿಗೋ ಹೋಯಿತು. ಕಾಕು ಊರಿಗೆ ಮರಳಿದರು. ಅಮ್ಮ ತೀರಿಹೋಗಿ ಆರು ವರ್ಷವಾಯಿತು. ಅವಳು ಹೋದ ಮೇಲೂ ಬಾಳಕ ಕರಿಯುವಾಗ ಎರಡಕ್ಕಿಂತ ಹೆಚ್ಚು ಬಿಟ್ಟರೆ ಹಿಂದೆ ತಿರುಗಿ ನೋಡುತ್ತೇನೆ.

ಆ ಸೀಮಂತದ ಫೋಟೊ ನಮ್ಮ ಊಟದ ಮೇಜಿನ ಎದುರಿನ ಗೋಡೆಯಲ್ಲಿದೆ. ದೀಪಾ ಚಿಕ್ಕವಳಿರುವಾಗ ಒಂದು ದಿನ ಕುರ್ಚಿಯ ಮೇಲೆ ಹತ್ತಿ ಅದನ್ನು ತುಂಬ ಹೊತ್ತು ನೋಡಿದ್ದಳು. ಮಣೆಯ ಮೇಲೆ ಅಮ್ಮ, ತಲೆಯಲ್ಲಿ ಹೂ, ಕಣ್ಣಲ್ಲಿ ನೀರು. ಪಕ್ಕದಲ್ಲಿ ನಾನು, ತಲೆಯಲ್ಲಿ ಏನೂ ಇಲ್ಲ, ಮುಖದ ತುಂಬ ನಗೆ.

“ಅಮ್ಮಾ, ವೇಟ್. ಇದು ಯಾರ ಬೇಬಿ ಶವರ್? ಅಜ್ಜೀದಾ?”

“ಹೌದು, ಅಜ್ಜಿಯದ್ದೇ,” ಎಂದಿದ್ದೆ. “ಸ್ವಲ್ಪ ತಡವಾಯ್ತು ಅಷ್ಟೆ.”